ಊರಿನವನನ್ನು ಮುಂದೆ ಬಿಟ್ಟ ದಿನ

ಮೊಂತ್ರೊಷ್
30 ಸೆಪ್ಟೆಂಬರ್ 1956

ಎತಿಯೆನ್,

ಪ್ರೀತಿಯ ಎಂದು ಬರೆಯಲು ಹೋದೆ, ಕೈ ಬರಲಿಲ್ಲ. ಬರೀ ಹೆಸರು ಬರೆದಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ. ಮಾಡಿಕೊಂಡರೂ ನನಗೇನೂ ಆಗಬೇಕಾಗಿಲ್ಲ.

ನನ್ನ ರೆಮಿಯನ್ನು ಮಣ್ಣು ಮಾಡಿದ ದಿನ ನೀನು ಸ್ಮಶಾನದ ಗೋಡೆಯಾಚೆ ನಿಂತಿದ್ದೆ. ನಮ್ಮ ಯಜಮಾನರ ಅಣ್ಣನ ಮಗ ನಿನ್ನ ಮೇಲೆ ಮಣ್ಣಿನ ಹೆಂಟೆ ಎಸೆದ. ಅದನ್ನೂ ನೋಡಿದೆ. ನೀನು ಅಲ್ಲಾಡಲಿಲ್ಲ, ಟೋಪಿ ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತೆ. ದ್ರಾಕ್ಷಿ ಕೊಯ್ಲಿಗೆಂದು ಬಂದ ಚಿಕ್ಕ ಹುಡುಗ ನೀನು, ನಮ್ಮ ಮನೆಯ ಸೂಪು ಕುಡಿದೇ ಉದ್ದವಾದೆ, ಭಾನುವಾರ ಬಂದರೆ ರೆಮಿಯ ಪಕ್ಕದ ಕುರ್ಚಿ ನಿನ್ನದೇ. ಬಾರೋ ಒಳಗೆ ಎಂದು ನಾನು ಕರೆಯಬಹುದಿತ್ತು. ಕರೆಯಲಿಲ್ಲ. ಹೊಟ್ಟೆ ಉರಿಯುತ್ತಿತ್ತು ನನಗೆ.

ನಿಮ್ಮ ಸೈಕಲ್ ಹುಡುಗರದೇ ಪದ್ಧತಿಯಲ್ಲವೇ ಅದು? ಪಂದ್ಯದ ದಾರಿಯಲ್ಲಿ ಯಾರ ಊರು ಬಂದರೆ ಅವನನ್ನು ಮುಂದೆ ಬಿಡುವುದು. ಅವನು ಓಡಿ ಬಂದು ತನ್ನವರನ್ನು ಅಪ್ಪಿಕೊಂಡು, ಕೆನ್ನೆಗೊಂದು ಮುತ್ತು ಕೊಟ್ಟು, ಮತ್ತೆ ಸೈಕಲ್ ಹತ್ತುವವರೆಗೆ ಉಳಿದವರು ನಿಧಾನ ಬರುವುದು, ಆ ಹೊತ್ತಿನಲ್ಲಿ ಯಾರೂ ಓಟ ಕೀಳದೆ ಇರುವುದು. ಕಳ್ಳನಾದರೂ ಈ ಮಾತಿಗೆ ತಪ್ಪುವುದಿಲ್ಲ ಎಂದು ರೆಮಿಯೇ ನನಗೆ ಹೇಳಿದ್ದ. ನಿಮ್ಮ ಗುಂಪು ನಮ್ಮೂರ ಕೋಟೆಯ ಹೆಬ್ಬಾಗಿಲು ದಾಟಿದಾಗ ನನ್ನ ಮಗ ಇನ್ನೂ ಕಾಲು ನೆಲಕ್ಕೂರಿ ನಿಂತಿದ್ದ. ಮುಂದಿದ್ದವನು ನೀನು. ಅವನು ನಿಮ್ಮನ್ನು ಹಿಡಿಯಲು ಒಬ್ಬನೇ ಇಳಿಜಾರಿನಲ್ಲಿ ಬಿದ್ದಂಬೀಳ ಹೋದ. ಬಟ್ಟೆ ಒಗೆಯುವ ಕಟ್ಟೆಯ ತಿರುವಿನಲ್ಲಿ, ಗಾಡಿಗಳಿಂದ ಚೆಲ್ಲಿದ ದ್ರಾಕ್ಷಿ ರಸದ ಮೇಲೆ ಜಾರಿ, ಆ ಕಟ್ಟೆಯ ಕಲ್ಲಿಗೆ ತಲೆ ಒಡೆದುಕೊಂಡ.

ಯಜಮಾನರು ಸೈಕಲ್ ಸಂಘದ ಶಿಸ್ತು ಸಮಿತಿಗೆ ಬರೆದಿದ್ದಾರೆ. ‘ನನ್ನ ಮಗ ನನ್ನ ತೋಳಿನಲ್ಲಿದ್ದಾಗ ಎತಿಯೆನ್ ಗೊಬೆ ಓಟ ಕಿತ್ತ’ ಎಂದು. ನವೆಂಬರಿನಲ್ಲಿ ವಿಚಾರಣೆಯಂತೆ. ಅದಕ್ಕೆ ಮೊದಲು ನನಗೆ ಹೇಳು. ನಮ್ಮೂರಿಗೆ ಹತ್ತುವ ಏರಿನ ಕೆಳಗೆ ಏನು ನಡೆಯಿತು? ಸುತ್ತಿ ಬಳಸಿ ಬರೆಯಬೇಡ.

ಲಿಯೋನಿ ಬ್ರೊಶೊ


ಶಾಲೋಂ
7 ಅಕ್ಟೋಬರ್ 1956

ಲಿಯೋನಿಯಮ್ಮನವರಿಗೆ,

ಕೇಳಿದ್ದೀರಿ, ಹೇಳುತ್ತೇನೆ. ಬೇರೆ ಯಾರು ಕೇಳಿದ್ದರೂ ಬಾಯಿ ಬಿಡುತ್ತಿರಲಿಲ್ಲ.

ಅವತ್ತು ಬೆಳಗ್ಗೆ ನದಿಯ ದಂಡೆಯಿಂದ ಹೊರಟಾಗ ಮಂಜಿತ್ತು. ಕ್ಲೂನಿ ದಾರಿಯ ಏರು ಹತ್ತುವ ಹೊತ್ತಿಗೆ ಬಿಸಿಲು ಬಂತು. ಎರಡೂ ಕಡೆ ಬಳ್ಳಿಯ ಸಾಲು, ಸಾಲಿನೊಳಗಿಂದ ಕೊಯ್ಲಿನವರು ಬಗ್ಗಿದವರು ಬಗ್ಗಿದ ಹಾಗೇ ಕತ್ತರಿ ಎತ್ತಿ ಕೂಗುತ್ತಿದ್ದರು. ಊರೂರಿಗೆ ಒಂದು ಕಲ್ಲಿನ ಬಾಗಿಲು, ಒಳಗೆ ಹೋದರೆ ಕತ್ತಲು, ತಂಪು, ಹುಳಿ ಬರುತ್ತಿರುವ ರಸದ ವಾಸನೆ, ಆಮೇಲೆ ಮತ್ತೆ ಬಿಸಿಲು. ನಾನೂ ರೆಮಿಯೂ ಸರದಿಯ ಮೇಲೆ ಒಬ್ಬರ ಚಕ್ರಕ್ಕೆ ಒಬ್ಬರು ಅಂಟಿಕೊಂಡು ಬಂದೆವು, ಗಾಳಿ ಎದುರಿಗಿತ್ತು. ಅವನ ಕಾಲು ಅವತ್ತು ಎಷ್ಟು ಚೆನ್ನಾಗಿತ್ತು ಗೊತ್ತೇ ಅಮ್ಮ? ಅವನೇ ಗೆಲ್ಲುತ್ತಿದ್ದ. ನನಗೆ ಹೊಟ್ಟೆಕಿಚ್ಚು ಕೂಡ ಆಯಿತು.

ನಿಮ್ಮೂರ ಏರಿನ ಬುಡದಲ್ಲಿ ನನ್ನ ಬೆನ್ನಿಗೆ ತಟ್ಟಿ, “ಹೋಗಿ ಬರ್ಲೇನೋ?” ಅಂದ.

“ಹೋಗೋ ಮಾರಾಯ, ಅಮ್ಮಂಗೆ ನನ್ ಲೆಕ್ಕದಲ್ಲೂ ಒಂದು ಮುತ್ತು ಕೊಡು,” ಅಂದೆ. ಹಿಂದಿದ್ದವರು ಸಿಳ್ಳೆ ಹಾಕಿದರು. ದಿಜೋಂನ ಆ ದಪ್ಪ ಕತ್ತಿನವನು, “ಲೋ, ಬರ್ತಾ ನಮಗೂ ಒಂದು ಬಾಟ್ಲಿ ತಗೊಂಬಾರೋ!” ಎಂದು ಕೂಗಿದ.

ಅವನು ಹೋದ ಮೇಲೆ ಗುಂಪನ್ನು ತಡೆದು ನಿಲ್ಲಿಸಿಕೊಂಡವನೇ ನಾನು. ಅದಕ್ಕೇ ನಾನು ಮುಂದಿದ್ದದ್ದು. ನಡೆದುಹೋಗುವವರೂ ನಮ್ಮನ್ನು ದಾಟುವಷ್ಟು ನಿಧಾನ ತುಳಿದೆ. ಹಿಂದಿನವರು ಬೈಯಲು ಶುರು ಮಾಡಿದರು. ಮೋಟಾರ್ ಸೈಕಲ್ ಮೇಲಿದ್ದ ಪಂದ್ಯದ ಅಧಿಕಾರಿ, “ಏನ್ರೋ ಇದು, ಪಂದ್ಯಾನೋ ಮೆರವಣಿಗೆನೋ, ನಡೀರಿ!” ಎಂದ. ಎಷ್ಟು ಎಳೆದರೂ ಏರು ಒಂದು ಕಡೆ ಮುಗಿಯಬೇಕಲ್ಲ. ಹೆಬ್ಬಾಗಿಲಿನಡಿ ಬಂದಾಗ ರೆಮಿ ಸೈಕಲ್ಲಿನ ಆಚೆಗೊಂದು ಈಚೆಗೊಂದು ಕಾಲು ಹಾಕಿ ನಿಂತಿದ್ದ. ಯಜಮಾನರ ಒಂದು ಕೈಯಲ್ಲಿ ಗ್ಲಾಸು, ಇನ್ನೊಂದು ಕೈಯಲ್ಲಿ ಅವನ ಸೀಟು.

“ಮೇಯರ್ ಜೊತೆ ಒಂದು ಗುಟುಕು ಕುಡೀದೆ ಹೋಗ್ತೀಯೇನೋ? ನನ್ ಮರ್ಯಾದೆ ಏನಾಗ್ಬೇಕು?”

“ಬಿಡಪ್ಪಾ, ಬಂದ್ರು ಅವ್ರು. ಬಿಡಪ್ಪಾ!”

ಮೊದಲು ನಗುತ್ತಲೇ ಹೇಳುತ್ತಿದ್ದನೇನೋ. ನಾವು ದಾಟುವಾಗ ಅವನು ನಗುತ್ತಿರಲಿಲ್ಲ. ಅಮ್ಮ, ನೀವು ಅಲ್ಲೇ ಅವರ ಪಕ್ಕದಲ್ಲಿ ಇದ್ದಿರಿ. ನಾನು ಹೇಳಬೇಕಾಗಿಯೇ ಇರಲಿಲ್ಲ.

ಹೆಬ್ಬಾಗಿಲು ದಾಟಿದ್ದೇ ಇಳಿಜಾರು. ಅಷ್ಟು ಜನರನ್ನು ನಾನೊಬ್ಬ ಎಷ್ಟು ಹೊತ್ತು ಹಿಡಿದಿಡಲಿ? ದಿಜೋಂನವರು ಸೀಟಿನಿಂದ ಎದ್ದು ತುಳಿದರು. ತಿರುವಿನಲ್ಲಿ ನನ್ನ ಚಕ್ರವೂ ಜಾರಿತು. “ರಸ! ರಸ!” ಎಂದು ಹಿಂದಕ್ಕೆ ಕೂಗಿದೆ. ಅವನಿಗೆ ಕೇಳಿಸುವಷ್ಟು ಹತ್ತಿರ ಅವನಿರಲಿಲ್ಲ.

ಇನ್ನೊಂದು ಮಾತು. ಮಾರ್ಚಿನಲ್ಲಿ ನನ್ನನ್ನು ಸೈನ್ಯಕ್ಕೆ ಕರೆಯುತ್ತಾರೆ. ನನ್ನನ್ನೂ ರೆಮಿಯನ್ನೂ ಕ್ರೀಡಾ ದಳಕ್ಕೆ ಆರಿಸಿದ್ದು ನಿಮಗೆ ಗೊತ್ತು. ಅಲ್ಲಿ ಸೇರಿದವರು ಇಲ್ಲೇ ಸೈಕಲ್ ತುಳಿದುಕೊಂಡು ಸೇವೆ ಮುಗಿಸುತ್ತಾರೆ. ಸಮಿತಿ ನನ್ನ ಪಂದ್ಯದ ಲೈಸೆನ್ಸ್ ಕಿತ್ತುಕೊಂಡರೆ ಆ ಜಾಗ ಹೋಯಿತು, ಎಲ್ಲರ ಜೊತೆ ಹಡಗು ಹತ್ತಿ ಆಲ್ಜೀರಿಯಾದ ಯುದ್ಧಕ್ಕೆ ಹೋಗಬೇಕು. ಬೇರೆ ಸವಾರರು ನನ್ನ ಪರ ಮಾತಾಡುತ್ತಾರೆ ಎಂಬ ಆಸೆ ನನಗಿಲ್ಲ. ತಾವೇ ಎದ್ದು ತುಳಿದೆವು ಎಂದು ದಿಜೋಂನವರು ಒಪ್ಪಿಕೊಳ್ಳುತ್ತಾರೆಯೇ? ಎಲ್ಲರ ಬೆರಳೂ ನನ್ನ ಕಡೆಗೇ.

ಎತಿಯೆನ್


ಮೊಂತ್ರೊಷ್
24 ಅಕ್ಟೋಬರ್ 1956

ಎತಿಯೆನ್, ಮಗು,

ನಿನ್ನ ಪತ್ರವನ್ನು ಒಲೆಗೆ ಹಾಕಿದೆ. ಯಜಮಾನರ ಕೈಗೆ ಸಿಕ್ಕೀತೆಂಬ ಭಯ.

ನೀನು ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ನಾನು ಪಕ್ಕದಲ್ಲೇ ಇದ್ದೆ. “ಬಿಡ್ರೀ ಹುಡುಗನ್ನ,” ಎಂದು ನಾನೂ ಒಂದು ಸಲ ಅಂದೆ. “ನೀ ಸುಮ್ನಿರೇ, ನಿಂಗೇನು ಗೊತ್ತು,” ಅಂದರು. ಊರೆಲ್ಲ ನೋಡುತ್ತಿತ್ತಲ್ಲ, ಅವರಿಗೆ ಕೋಡು ಮೂಡಿತ್ತು. ಮಗ ನಮ್ಮ ಕೋಟೆಯ ಬಾಗಿಲಿಗೆ ಎಲ್ಲರಿಗಿಂತ ಮೊದಲು ಬಂದಿದ್ದಾನೆ, ಮೇಯರು ಎದುರಿಗಿದ್ದಾರೆ, ಗ್ಲಾಸಿನಲ್ಲಿರುವುದು ನಮ್ಮದೇ ತೋಟದ್ದು. ಇಷ್ಟೆಲ್ಲ ಗೊತ್ತಿದ್ದೂ ನಿನಗೆ ಹಾಗೆ ಪತ್ರ ಬರೆದೆನಲ್ಲ, ಯಾಕೆ ಎಂದು ಕೇಳುತ್ತೀಯ. ನೀನು ನಿಜವಾಗಿ ಓಟ ಕಿತ್ತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಆಸೆಯಾಗಿತ್ತು ನನಗೆ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ಇಲ್ಲಿಯ ಸ್ಥಿತಿ ಕೇಳು. ಹೆಬ್ಬಾಗಿಲಿನ ಮೇಲ್ಗಡೆಯ ನಮ್ಮ ತೋಟದ ತುಂಡನ್ನು ಕೊಯ್ಯಲು ಅವರು ಬಿಡಲಿಲ್ಲ. ಹಣ್ಣು ಬಳ್ಳಿಯಲ್ಲೇ ಕೊಳೆಯುತ್ತಿದೆ, ಕಣಜದ ಹುಳುಗಳಿಗೆ ಹಬ್ಬ. ಬೆಳಗ್ಗೆ ಎದ್ದು ಪೀಪಾಯಿಗಳ ನಡುವೆ ಹೋಗಿ ಕೂತರೆ ಊಟಕ್ಕೆ ನಾನೇ ಹೋಗಿ ಎಬ್ಬಿಸಬೇಕು. ಡಾಕ್ಟರು ಬಂದವರು ಹೋಗುವಾಗ ಗೋಡೆಯ ಮೇಲಿದ್ದ ಬೇಟೆಯ ಬಂದೂಕನ್ನು, “ನನ್ ಮನೇಲಿರ್ಲಿ ಇದು,” ಎಂದು ತೆಗೆದುಕೊಂಡು ಹೋದರು. ಅವರನ್ನು ಇನ್ನೂ ಎಬ್ಬಿಸಿ ನಿಲ್ಲಿಸುತ್ತಿರುವುದು ಒಂದೇ ಒಂದು. ನಿನ್ನ ಮೇಲಿನ ಕೋಪ. “ಆ ಗೊಬೆ ಹೆಂಗಸಿನ ಮಗ, ನನ್ ಅನ್ನ ತಿಂದು ನನ್ ಮಗನ್ನೇ ತಿಂದ,” ಎಂದು ಬೈದುಕೊಳ್ಳುತ್ತಲೇ ಬೂಟು ಹಾಕುತ್ತಾರೆ, ಬೈದುಕೊಳ್ಳುತ್ತಲೇ ಗಡ್ಡ ಬೋಳಿಸಿಕೊಳ್ಳುತ್ತಾರೆ. ಅದೂ ಹೋದರೆ ಅವರ ಕೈಗೆ ಉಳಿಯುವುದು ಅವತ್ತು ಹಿಡಿದಿದ್ದ ಆ ಸೀಟು.

ಅದಕ್ಕೇ ಕೇಳುತ್ತೇನೆ, ಎದ್ದುಬಂದು ನನ್ನ ಕೆನ್ನೆಗೆ ಹೊಡೆಯಬೇಕೆನ್ನಿಸಿದರೂ ಪೂರ್ತಿ ಓದು. ಸಮಿತಿಯ ಮುಂದೆ, ಹೌದು, ನಾನು ಓಟ ಕಿತ್ತೆ ಎಂದುಬಿಡು. ನಿನಗೆ ಕಾಲಿದೆ, ವಯಸ್ಸಿದೆ, ಒಂದೆರಡು ವರ್ಷ ಸುಮ್ಮನಿದ್ದು ಮತ್ತೆ ಹತ್ತಬಹುದು. ಸೈನ್ಯದ ವಿಷಯ ಅಷ್ಟೊಂದು ಕೆಡುವುದಿಲ್ಲ. ನಿನ್ನಂಥ ಸವಾರನನ್ನು ಅವರು ಹೇಗಾದರೂ ಇಟ್ಟುಕೊಳ್ಳುತ್ತಾರೆ ಎಂದು ಪಾದ್ರಿಗಳೂ ಅಂದರು.

ಲಿಯೋನಿ


ಶಾಲೋಂ
29 ಅಕ್ಟೋಬರ್ 1956

ಲಿಯೋನಿಯಮ್ಮನವರಿಗೆ,

ಪಾದ್ರಿಗಳಿಗೆ ಏನು ಗೊತ್ತು ಅಮ್ಮ? ಅವರು ಹಡಗು ಹತ್ತಬೇಕೇ?

ನಮ್ಮ ಬೀದಿಯ ಬೇಕರಿಯವರ ಮಗ ಬೇಸಿಗೆಯಲ್ಲಿ ಹೋದ. ಮೊನ್ನೆ ಪೆಟ್ಟಿಗೆಯಲ್ಲಿ ಬಂದ. ಪೆಟ್ಟಿಗೆ ತೆರೆಯಬಾರದು ಎಂದು ಸೈನ್ಯದವರು ಹೇಳಿದರಂತೆ. ಅವನಮ್ಮ ಅದರ ಮೇಲೆ ಕೈ ಬಡಿದುಕೊಂಡು, “ಒಳಗಿರೋನು ಇವನೇ ಅಂತ ಹೆಂಗ್ರೀ ನಂಬ್ಲಿ ನಾನು?” ಎಂದು ಕೂಗುತ್ತಿದ್ದಳು. ನನ್ನಮ್ಮ ಅವಳನ್ನು ಹಿಡಿದುಕೊಂಡಿದ್ದಳು. ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು.

ನಮ್ಮಪ್ಪ ನಮ್ಮನ್ನು ಬಿಟ್ಟುಹೋದ ಮೇಲೆ ಅವಳು ಊರವರ ಹಾಸಿಗೆ ಬಟ್ಟೆ ಒಗೆದು ನನ್ನನ್ನು ಸಾಕಿದ್ದಾಳೆ. ನಾನು ಸೈಕಲ್ ತುಳಿಯುವುದು ನಿಮ್ಮ ರೆಮಿಯ ಹಾಗೆ ಖುಷಿಗಲ್ಲ. ಖುಷಿ ಇತ್ತು, ಇಲ್ಲವೆನ್ನುವುದಿಲ್ಲ. ಬಳ್ಳಿಗಳ ನಡುವಿನ ಆ ಸಣ್ಣ ಬಿಳಿ ದಾರಿಗಳಲ್ಲಿ, ಮುಂದಿನ ಗುಡ್ಡದ ತುದಿಯ ಕೋಟೆ ಊರಿಗೆ ಯಾರು ಮೊದಲು ಮುಟ್ಟುತ್ತಾರೋ ಎಂದು ನಾವಿಬ್ಬರೂ ಒದ್ದಾಡಿಕೊಂಡು ಹೋಗುತ್ತಿದ್ದೆವಲ್ಲ, ಹೋಗಿ ಬಾವಿಕಟ್ಟೆಯ ಮೇಲೆ ಬಿದ್ದುಕೊಂಡು ನೀವು ಕಟ್ಟಿಕೊಟ್ಟ ಬ್ರೆಡ್ಡನ್ನು ಸಾಸಿವೆ ಹಚ್ಚಿಕೊಂಡು ತಿನ್ನುತ್ತಿದ್ದೆವಲ್ಲ, ಅದಕ್ಕಿಂತ ದೊಡ್ಡ ಸುಖ ನಾನು ಕಂಡಿಲ್ಲ. ಆದರೆ ಆ ಸುಖಕ್ಕಾಗಿ ನಾನು ನಿಮ್ಮ ಮನೆಗೆ ನನ್ನ ಪ್ರಾಣ ಕೊಡಬೇಕೆಂದು ಯಾರೂ ಹೇಳಿರಲಿಲ್ಲ.

ನನಗೂ ಅವನು ಸತ್ತಿದ್ದಾನೆ, ಅಮ್ಮ. ಅದನ್ನು ನೀವು ಒಂದು ಸಾಲಿನಲ್ಲೂ ಬರೆಯಲಿಲ್ಲ.

ನಾನು ಸುಳ್ಳು ಹೇಳುವುದಿಲ್ಲ. ಓಟ ಕಿತ್ತವನು ನಾನಲ್ಲ ಎಂದೇ ಹೇಳುತ್ತೇನೆ. ಆದರೆ ಯಜಮಾನರು ಸೀಟು ಹಿಡಿದಿದ್ದರು ಎಂಬ ಮಾತನ್ನು ನನ್ನ ಬಾಯಿಂದ ಹೊರಡಿಸುವುದಿಲ್ಲ. ಮಗ ಸತ್ತ ಮನುಷ್ಯನ ಎದುರು ನಿಂತು ಅದನ್ನು ಹೇಳಲು ನನ್ನಿಂದಾಗದು. ಹೆಬ್ಬಾಗಿಲಿನ ಹತ್ತಿರ ಇದ್ದವರನ್ನು ಕೇಳಿ, ಲಿಯೋನಿಯಮ್ಮನವರನ್ನು ಕೇಳಿ ಎನ್ನುತ್ತೇನೆ. ಆಮೇಲೆ ನೀವುಂಟು, ನಿಮ್ಮ ನಾಲಿಗೆಯುಂಟು.

ಎತಿಯೆನ್ ಗೊಬೆ


ಮೊಂತ್ರೊಷ್
20 ನವೆಂಬರ್ 1956

ಎತಿಯೆನ್,

ವಿಚಾರಣೆ ಮುಗಿದ ಮೇಲೆ ಮೆಟ್ಟಿಲ ಹತ್ತಿರ ನಿನ್ನನ್ನು ಹುಡುಕಿದೆ. ನೀನಾಗಲೇ ಹೋಗಿದ್ದೆ.

ಅವರು ಕೇಳಿದ್ದನ್ನೂ ನಾನು ಹೇಳಿದ್ದನ್ನೂ ನೀನೇ ಕೇಳಿದ್ದೀಯ. ಆದರೂ ಬರೆಯುತ್ತೇನೆ, ಬರೆಯದಿದ್ದರೆ ನನ್ನ ತಲೆಯೊಳಗೇ ಸುತ್ತುತ್ತದೆ. “ಗುಂಪು ಹೆಬ್ಬಾಗಿಲು ದಾಟುವಾಗ ನಿಮ್ಮ ಮಗ ಸೈಕಲ್ ಹತ್ತಿದ್ದನೇ, ಮದಾಮ್?” ಇಲ್ಲ ಅಂದೆ. “ಗುಂಪಿನ ಮುಂದಿದ್ದವರು ಯಾರು?” ಎತಿಯೆನ್ ಗೊಬೆ ಅಂದೆ. “ಬೇರೆ ಏನಾದರೂ ಹೇಳುವುದಿದೆಯೇ?” ಎಂದು ಆ ಕನ್ನಡಕದವರು ಮೆತ್ತಗೆ ಕೇಳಿದರು. ನೀನು ತಲೆಯೆತ್ತಿ ನನ್ನನ್ನು ನೋಡಿದೆ. ಯಜಮಾನರು ಪಕ್ಕದ ಕುರ್ಚಿಯಲ್ಲಿದ್ದರು. ಅವರ ಮೊಣಕಾಲು ಗಡಗಡ ನಡುಗಿ ನನ್ನ ಕುರ್ಚಿಯೂ ಅಲ್ಲಾಡುತ್ತಿತ್ತು.

ಇಲ್ಲ, ಏನೂ ಇಲ್ಲ ಅಂದೆ.

ಒಂದೇ ಒಂದು ಸುಳ್ಳನ್ನೂ ನಾನು ಹೇಳಲಿಲ್ಲ. ಬರುವಾಗ ರೈಲಿನಲ್ಲಿ ಅದನ್ನೇ ನನಗೆ ನಾನೇ ಹೇಳಿಕೊಂಡು ಬಂದೆ. ಎರಡು ವರ್ಷ ಲೈಸೆನ್ಸ್ ಇಲ್ಲ ಎಂದರಲ್ಲ, ಅಷ್ಟು ಕೊಡುತ್ತಾರೆಂದು ನಾನು ಎಣಿಸಿರಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಎಣಿಸಿರಲಿಲ್ಲ.

ನಿನ್ನ ಸೈನ್ಯದ ವಿಷಯಕ್ಕೆ ನಮ್ಮ ಮೇಯರಿಂದ ಒಂದು ಪತ್ರ ಬರೆಸಲೇ? ಹೇಳು.

ಲಿಯೋನಿ


ಮೊಂತ್ರೊಷ್
16 ಡಿಸೆಂಬರ್ 1956

ಗೊಬೆ,

ನನ್ನ ಹೆಂಡತಿ ನಿನಗೆ ಪತ್ರ ಹಾಕುತ್ತಿದ್ದಾಳೆಂದು ಅಂಚೆಯವನು ಹೇಳಿದ. ಅದು ಇಲ್ಲಿಗೆ ನಿಲ್ಲಬೇಕು. ಮೇಯರ ಪತ್ರ ಗಿತ್ರ ಏನೂ ಇಲ್ಲ, ನಾನೇ ಬೇಡವೆಂದೆ. ನ್ಯಾಯ ಸಿಕ್ಕಿದೆ. ಮುಂದಿನ ವರ್ಷದಿಂದ ಪಂದ್ಯಕ್ಕೆ ನನ್ನ ಮಗನ ಹೆಸರು, ಕಟ್ಟೆಯ ತಿರುವಿನಲ್ಲಿ ಅವನ ಹೆಸರಿನ ಕಲ್ಲು. ಅದರ ಹತ್ತಿರ ನೀನು ಕಾಲಿಟ್ಟರೆ ನಾಯಿ ಬಿಡುತ್ತೇನೆ.

ನೀನು ಸಮಿತಿಯ ಮುಂದೆ ನನ್ನ ಬಗ್ಗೆ ಏನಾದರೂ ಅನ್ನುತ್ತೀಯ ಎಂದುಕೊಂಡಿದ್ದೆ. ಅನ್ನಲಿಲ್ಲ. ಯಾಕೆ ಅನ್ನಲಿಲ್ಲ? ಅನ್ನುವುದಕ್ಕೆ ಏನಾದರೂ ಇದ್ದರೆ ತಾನೇ ಅನ್ನುವುದು. ನನ್ನ ಹೆಂಡತಿಯೂ ಅಷ್ಟೇ. ಮನೆಯಲ್ಲಿ ಸೂಪಿನ ಪಾತ್ರೆ ಇಟ್ಟು ನನ್ನ ಮುಖವನ್ನೇ ನೋಡುತ್ತಾಳೆ.

ಉತ್ತರ ಬರೆಯಬೇಡ.

ಆನ್ಸೆಲ್ಮ್ ಬ್ರೊಶೊ


ಆಲ್ಜೀರಿಯಾ, ಸೈನ್ಯದ ಅಂಚೆ
9 ಜುಲೈ 1957

ಲಿಯೋನಿಯಮ್ಮನವರಿಗೆ,

ನಿಮ್ಮ ಪತ್ರಗಳು ಅಮ್ಮನ ಕೈ ದಾಟಿ, ಒಡೆಯದೆ ಹಾಗೇ ಬಂದಿವೆ. ಎಲ್ಲವನ್ನೂ ಒಟ್ಟಿಗೆ ಓದಿದೆ. ಕ್ಷಮಿಸು ಎಂದು ಇಷ್ಟು ಸಲ ಬರೆಯಬೇಡಿ, ಓದುವವನಿಗೂ ಸಾಕಾಗುತ್ತದೆ.

ನನ್ನನ್ನು ಎಲ್ಲಿಗೆ ಹಾಕಿದ್ದಾರೆ ಗೊತ್ತೇ? ದ್ರಾಕ್ಷಿ ತೋಟಕ್ಕೆ. ನಗಬೇಡಿ. ಇಲ್ಲಿಯೂ ನಮ್ಮವರ ದೊಡ್ಡ ದೊಡ್ಡ ತೋಟಗಳಿವೆ, ಕಣ್ಣು ಹಾಯುವಷ್ಟು ದೂರ ಬಳ್ಳಿ. ನಮ್ಮ ಊರ ಹಾಗೆ ಗುಡ್ಡವಿಲ್ಲ, ಬಾಗಿಲಿಲ್ಲ, ಚರ್ಚಿನ ಗಂಟೆಯಿಲ್ಲ. ತೋಟದ ಯಜಮಾನನಿಗೆ ನಾವು ಕಾವಲು. ಕೂಲಿಗೆ ಬರುವ ಇಲ್ಲಿಯ ಜನ ನಮ್ಮನ್ನು ನೋಡಿದರೆ ಬುಟ್ಟಿ ಕೆಳಗಿಟ್ಟು ಕೈ ಮೇಲೆತ್ತಿ ನಿಲ್ಲುತ್ತಾರೆ. ಕೊಯ್ಲಿನವರು ಹಾಗೆ ನಿಲ್ಲುವುದನ್ನು ನಾನು ಎಂದೂ ನೋಡಿರಲಿಲ್ಲ. ಕೈ ಇಳಿಸ್ರಪ್ಪಾ ಎಂದು ಮೊದಲ ದಿನ ಹೇಳಿದೆ, ಸಾರ್ಜೆಂಟ್ ನನಗೆ ಒದ್ದ.

ದಿನವೂ ಲಾರಿಯಲ್ಲಿ ರೇಷನ್ ತರಲು ಹೋಗುತ್ತೇವೆ. ತೋಟ ದಾಟಿ ಬೆಟ್ಟದ ಕಡೆ ಹೋದರೆ ದಾರಿ ಚೆನ್ನಾಗಿದೆ. ನುಣ್ಣನೆಯ ಏರು, ಉದ್ದ ತಿರುವು. ಸೈಕಲ್ ಇದ್ದಿದ್ದರೆ ಎಂದು ಕಾಲು ತಾನಾಗಿ ಅಲ್ಲಾಡುತ್ತದೆ. ಆಮೇಲೆ ನೆನಪಾಗುತ್ತದೆ, ಇಲ್ಲಿ ತಿರುವಿನಾಚೆ ಯಾರು ಬಂದೂಕು ಹಿಡಿದು ಕಾದಿದ್ದಾರೋ. ಎಲ್ಲರೂ ಮಾತು ನಿಲ್ಲಿಸುತ್ತಾರೆ. ತಿರುವು ದಾಟಿದ ಮೇಲೆ ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ.

ನಿಮ್ಮ ಮೇಲೆ ಕೋಪವಿದೆಯೇ ಎಂದು ಕೇಳಿದ್ದೀರಿ. ಇದೆ. ಕೆಲವು ದಿನ ಜ್ಞಾಪಕವೇ ಬರುವುದಿಲ್ಲ, ಕೆಲವು ದಿನ ತಿಂದ ಅನ್ನ ಇಳಿಯುವುದಿಲ್ಲ. “ಬೇರೆ ಏನಾದರೂ ಹೇಳುವುದಿದೆಯೇ” ಎಂದು ಅವರು ಕೇಳಿದಾಗ ನೀವು ಹೇಳೇ ಹೇಳುತ್ತೀರಿ ಎಂದುಕೊಂಡಿದ್ದೆ. ಅಷ್ಟು ಭರವಸೆ ನನಗೆ ನನ್ನಮ್ಮನ ಮೇಲೂ ಇರಲಿಲ್ಲ.

ಈ ವರ್ಷ ಪಂದ್ಯ ನಡೆದರೆ ಆ ತಿರುವನ್ನು ಬೆಳಗ್ಗೆ ಮಾತ್ರ ತೊಳೆದರೆ ಸಾಲದು. ಸವಾರರು ಬರುವ ಹೊತ್ತಿಗೆ ಇನ್ನೊಮ್ಮೆ ತೊಳೆಸಿ. ಗಾಡಿಗಳನ್ನು ಅಷ್ಟು ಹೊತ್ತು ತಡೆಯಿರಿ.

ಎತಿಯೆನ್


ಮೊಂತ್ರೊಷ್
6 ಅಕ್ಟೋಬರ್ 1957

ಪ್ರೀತಿಯ ಎತಿಯೆನ್,

ನೀನು ಹೇಳಿದ ಹಾಗೆ ತಿರುವನ್ನು ಎರಡು ಸಲ ತೊಳೆಸಿದೆ. ನಾನೇ ಪೊರಕೆ ಹಿಡಿದೆ. ಯಾರೂ ಬೀಳಲಿಲ್ಲ.

ಕಳೆದ ಭಾನುವಾರ ಪಂದ್ಯ. ಇದನ್ನು ನಿಮ್ಮಮ್ಮನ ವಿಳಾಸಕ್ಕೇ ಹಾಕುತ್ತಿದ್ದೇನೆ, ಅವರೂ ಓದಲಿ, ಓದಿಯೇ ನಿನಗೆ ಕಳಿಸಲಿ. ಅವರಿಗೂ ಗೊತ್ತಾಗಬೇಕು.

ಯಜಮಾನರು ಕಪ್ಪು ಕೋಟು ಹಾಕಿಕೊಂಡು, ಮೇಯರ ಪಕ್ಕದಲ್ಲಿ, ಹೆಬ್ಬಾಗಿಲಿನ ಅಡಿಯಲ್ಲೇ ನಿಂತಿದ್ದರು. ಈ ಸಲ ಸವಾರರಲ್ಲಿ ನಮ್ಮೂರವನು ಒಬ್ಬನೇ, ಪೀಪಾಯಿ ಮಾಡುವ ಗಾಸ್ಪಾರ್ ಇದ್ದಾನಲ್ಲ, ಅವನ ಮಗ ಸಿಮೋಂ. ಗುಂಪು ಅವನನ್ನು ಮುಂದೆ ಬಿಟ್ಟಿತು. ಹುಡುಗ ಮುಖವೆಲ್ಲ ಬಾಯಾಗಿ ಬಂದ. ಅಮ್ಮನನ್ನು ಅಪ್ಪಿದ, ಅಜ್ಜಿಯನ್ನು ಅಪ್ಪಿದ, ಕಾಲೆತ್ತಿ ಹತ್ತಬೇಕು, ಅಷ್ಟರಲ್ಲಿ ಗಾಸ್ಪಾರ್ ಖುಷಿಗೆ ಅವನ ಭುಜ ಹಿಡಿದು, “ತಡಿಯೋ, ಒಂದು ಗುಟುಕು,” ಅಂದ. ಅಷ್ಟೇ ಅವನು ಅಂದದ್ದು, ಪಾಪ.

ನಮ್ಮ ಯಜಮಾನರು ಹುಚ್ಚು ಹಿಡಿದವರ ಹಾಗೆ ನುಗ್ಗಿದರು. “ಬಿಡೋ! ಬಿಡೋ ಅವನ್ನ! ಕೈ ತೆಗ್ಯೋ ಬೋಳಿಮಗನೇ, ಬಿಡು ಅಂತಿದಾನೆ ಕೇಳ್ಸಲ್ವಾ!” ಹುಡುಗ ಬಿಡು ಎಂದೇ ಇರಲಿಲ್ಲ. ಗಾಸ್ಪಾರನ ಕೈಯನ್ನು ತಮ್ಮ ಊರುಗೋಲಿನಿಂದ ಬಡಿದರು, ಗ್ಲಾಸು ಒಡೆಯಿತು. ಸಿಮೋಂ ಹೆದರಿ ಸೈಕಲ್ ಹತ್ತಿ ಓಡಿದ. ಗುಂಪು ಬಂತು, ಹೋಯಿತು. ಇವರು ಗೋಡೆಗೆ ಕೈಕೊಟ್ಟು ನಿಂತೇ ಇದ್ದರು. ಊರಿನವರೆಲ್ಲರಿಗೂ ಅರ್ಥವಾಯಿತು. ಅಥವಾ ಎಲ್ಲರಿಗೂ ಮೊದಲೇ ಗೊತ್ತಿತ್ತೋ ಏನೋ, ಅವರೂ ಅಲ್ಲೇ ಇದ್ದವರಲ್ಲವೇ.

ಮನೆಗೆ ಬಂದು ಅಡಿಗೆಮನೆಯಲ್ಲಿ ಕೂತರು. ಕೋಟು ಕೂಡ ಬಿಚ್ಚಲಿಲ್ಲ.

“ನೀ ನೋಡ್ತಿದ್ದೆ ಅಲ್ವೇನೇ, ಅವತ್ತು?”

“ಹ್ಞೂಂ, ನೋಡ್ತಿದ್ದೆ.”

“ನಂಗೆ ಅವತ್ತಿಂದ್ಲೇ ಗೊತ್ತು. ಅವನು ಬಿದ್ದ ಸದ್ದು ಕೇಳ್ದಾಗ್ಲೇ ಗೊತ್ತಾಯ್ತು. ಸಮಿತಿಯೋರು ನಿನ್ನ ಕೇಳಿದ್ರಲ್ಲ, ಹೇಳೋದಿದ್ಯಾ ಅಂತ. ಹೇಳೇ ಹೇಳೇ ಅಂತ ಒಳಗೊಳಗೇ ಬೇಡ್ಕೋತಾ ಇದ್ದೆ ಕಣೇ. ನನ್ ಬಾಯಲ್ಲಿ ಬರ್ಲಿಲ್ಲ, ನಿನ್ ಬಾಯಲ್ಲಾದ್ರೂ ಬರುತ್ತೆ ಅಂತ ಕಾಯ್ತಿದ್ದೆ.”

ಅಯ್ಯೋ ದೇವರೇ, ಎತಿಯೆನ್. ಅವರ ಮೊಣಕಾಲು ಹಾಗೆ ನಡುಗಿದ್ದು ನಾನು ಎಲ್ಲಿ ಹೇಳಿಬಿಡುತ್ತೇನೋ ಎಂಬ ಭಯಕ್ಕೆ ಎಂದುಕೊಂಡಿದ್ದೆ. ಇವರನ್ನು ಉಳಿಸುತ್ತೇನೆಂದು ನಿನ್ನನ್ನು ಅಲ್ಲಿಗೆ ಅಟ್ಟಿದೆ. ಇವರಿಗೆ ಅದು ಬೇಕಾಗಿರಲೇ ಇಲ್ಲ. ಗಂಡನ ಜೊತೆ ಇಷ್ಟು ವರ್ಷ ಬಾಳಿದ್ದೇನೆ, ಅಷ್ಟು ನನಗೆ ತಿಳಿಯಲಿಲ್ಲವಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಇಬ್ಬರೂ ಸಹಿ ಹಾಕಿ ಸಮಿತಿಗೆ ಬರೆದಿದ್ದೇವೆ, ಸೈನ್ಯಕ್ಕೂ ಬರೆದಿದ್ದೇವೆ. ನಿನ್ನನ್ನು ಕ್ರೀಡಾ ದಳಕ್ಕೆ ಕರೆಸಿಕೊಳ್ಳಬೇಕೆಂದು ಕೇಳಿದ್ದೇವೆ. ಅಲ್ಲದೆ ಯಜಮಾನರು ಶಾಲೋಂಗೆ ಬಂದು ನಿಮ್ಮಮ್ಮನ ಎದುರು, ನಿಮ್ಮ ಬೀದಿಯವರ ಎದುರು, ತಾವೇ ಬಾಯಿಬಿಟ್ಟು ಹೇಳಬೇಕೆಂದಿದ್ದಾರೆ. ಈ ತಿಂಗಳ ಕೊನೆಯ ಭಾನುವಾರ ಬರುತ್ತೇವೆ. ಹೇಳದಿದ್ದರೆ ಉಸಿರಾಡಲಾಗುವುದಿಲ್ಲ ಎನ್ನುತ್ತಾರೆ. ನಿಮ್ಮಮ್ಮ ಬಾಗಿಲು ತೆರೆದರೆ ಸಾಕು.

ನಿನ್ನ
ಲಿಯೋನಿ


ಶಾಲೋಂ
20 ಅಕ್ಟೋಬರ್ 1957

ಮದಾಮ್ ಬ್ರೊಶೊ ಅವರಿಗೆ,

ನನಗೆ ಬರೆದು ಅಭ್ಯಾಸವಿಲ್ಲ. ತಪ್ಪಿದ್ದರೆ ನೀವೇ ತಿದ್ದಿ ಓದಿಕೊಳ್ಳಿ.

ನಿಮ್ಮ ಪತ್ರವನ್ನು ಎತಿಯೆನ್‌ಗೆ ಕಳಿಸಲಿಲ್ಲ. ಅದು ಬರುವ ಮೊದಲೇ ಪೊಲೀಸಿನವರು ಇಬ್ಬರು ಟೋಪಿ ಕಂಕುಳಲ್ಲಿಟ್ಟುಕೊಂಡು ಬಂದು ಬಾಗಿಲು ತಟ್ಟಿದ್ದರು. ರೇಷನ್ ಲಾರಿಯಂತೆ. ಒಂದು ತಿರುವಿನಲ್ಲಂತೆ. ಲಾರಿಯಲ್ಲಿದ್ದ ಯಾರೂ ಉಳಿಯಲಿಲ್ಲವಂತೆ. ನಮಗೂ ತೆರೆಯಬಾರದ ಪೆಟ್ಟಿಗೆಯೇ ಬಂತು.

ಅವನನ್ನು ಮಣ್ಣು ಮಾಡಿ ಬಂದ ಮೇಲೆ ನಿಮ್ಮ ಪತ್ರ ಒಡೆದೆ. ಕಿಟಕಿಯ ಹತ್ತಿರ ನಿಂತು ಓದಿದೆ, ಆಮೇಲೆ ಕೂತು ಓದಿದೆ. ಅವನು ನನಗೆ ಇದೊಂದನ್ನೂ ಹೇಳಿರಲಿಲ್ಲ ಮದಾಮ್. ವಿಚಾರಣೆಯಿಂದ ಬಂದ ದಿನ ನಾನು ಕೇಳಿದೆ, “ನಿಜವಾಗ್ಲೂ ಹೋದ್ಯೇನೋ ನೀನು, ಅವನು ಅಲ್ಲಿ ನಿಂತಿರುವಾಗ?” ಎಂದು. “ಆಯ್ತು ಬಿಡಮ್ಮ, ಮುಗೀತಲ್ಲ,” ಅಂದ. ಹೌದು ಅಂದ ಹಾಗೆ ಕೇಳಿಸಿತು ನನಗೆ. ಅನ್ನ ಹಾಕಿದ ಮನೆಗೆ ದ್ರೋಹ ಮಾಡಿದ ಮಗನನ್ನು ಹೆತ್ತೆ ಎಂದು ನಾಚಿಕೆಪಟ್ಟುಕೊಂಡು ಚಳಿಗಾಲವೆಲ್ಲ ಅವನ ಜೊತೆ ಬೇಕಾದಷ್ಟೇ ಮಾತಾಡಿದೆ. ಮಾರ್ಚಿನಲ್ಲಿ ರೈಲು ಹತ್ತಿಸುವಾಗಲೂ ಮುಖ ಗಂಟು ಹಾಕಿಕೊಂಡಿದ್ದೆ. ಅವನು ಕೆನ್ನೆಗೆ ಮುತ್ತು ಕೊಡಲು ಬಗ್ಗಿದಾಗ, “ಹೋಗು, ರೈಲು ಬಿಡುತ್ತೆ,” ಎಂದು ತಳ್ಳಿದೆ. ನಿಮಗಾದರೂ ನಿಮ್ಮ ಮಗ ಕೊನೆಗೆ ಒಂದು ಮುತ್ತು ಕೊಟ್ಟು ಹೋದ.

ನಿಮ್ಮ ಮೇಲೆ ಕಿರುಚಬೇಕೆಂದು ಈ ಕಾಗದ ಶುರು ಮಾಡಿದೆ. ಈಗ ಶಕ್ತಿಯಿಲ್ಲ. ನೀವು ಬರುವ ಭಾನುವಾರ ಹತ್ತಿರ ಬಂತು, ಅದಕ್ಕೇ ಬೇಗ ಅಂಚೆಗೆ ಹಾಕುತ್ತಿದ್ದೇನೆ.

ಬರಬೇಡಿ. ಆ ಭಾನುವಾರವೂ ಬೇಡ, ಇನ್ಯಾವ ಭಾನುವಾರವೂ ಬೇಡ. ನಮ್ಮ ಬೀದಿಯವರಿಗೆ ನಾನೇ ಹೇಳಿಕೊಳ್ಳುತ್ತೇನೆ, ಮನೆಮನೆಗೆ ಹೋಗಿ ಹೇಳುತ್ತೇನೆ. ಬಾಯಿಬಿಟ್ಟು ಹೇಳದಿದ್ದರೆ ನಿಮ್ಮ ಯಜಮಾನರಿಗೆ ಉಸಿರಾಡಲಾಗುವುದಿಲ್ಲ ಎಂದು ಬರೆದಿದ್ದೀರಿ. ಇರಬಹುದು. ಅವರು ಉಸಿರಾಡಲಿ ಎಂದು ನಮ್ಮ ಮನೆಯಿಂದ ಒಬ್ಬನನ್ನು ಆಗಲೇ ಕೊಟ್ಟಾಗಿದೆ. ಇನ್ನು ಕೊಡುವುದಕ್ಕೆ ಇಲ್ಲಿ ಯಾರೂ ಇಲ್ಲ.

ಜರ್ಮೇನ್ ಗೊಬೆ